ಕೊಳದ ನೀರು ಹಾಲಾದ ದಿನ

ಏಪ್ರಿಲ್ 20, 2025, ಭಾನುವಾರ
ವಿದ್ಯಾರಣ್ಯಪುರ, ಬೆಂಗಳೂರು

ಬೆಳಿಗ್ಗೆ ಆರೂವರೆಗೆ ಹಲ್ಲುಜ್ಜುತ್ತಾ ಹಿತ್ತಲ ಬಾಗಿಲು ತೆಗೆದೆ. ನಮ್ಮ ಪುಟ್ಟ ಈಜುಕೊಳದ ನೀರೆಲ್ಲಾ ಹಾಲಿನ ಹಾಗೆ ಬೆಳ್ಳಗಿತ್ತು. ನಿನ್ನೆ ಸಂಜೆವರೆಗೂ ತಳದ ನೀಲಿ ಗೆರೆ ಕಾಣುತ್ತಿತ್ತು, ಇವತ್ತು ಕೈ ಅದ್ದಿದರೆ ಮೊಣಕೈ ಕಾಣಲ್ಲ. ಹಿಂದೆಯೇ ಬಂದ ಅಮ್ಮ ಸೊಂಟದ ಮೇಲೆ ಕೈ ಇಟ್ಟುಕೊಂಡು ನೋಡಿದರು. "ಏನೋ ಇದು, ಸುಣ್ಣ ಕದಡಿದ್ದೀಯಾ?"

ಸುಣ್ಣ ಎಲ್ಲಿಂದ ಬರಬೇಕು ಅಂತ ಸ್ವಲ್ಪ ರೇಗಿದೆ. ಆಮೇಲೆ ಗೊತ್ತಾಯಿತು, ಅಮ್ಮ ಹೇಳಿದ್ದೇ ನಿಜ.

ಕೊಳದ ವಿಷಯ ಇಲ್ಲಿ ಮೊದಲು ಬರೆದಿಲ್ಲ. ಹತ್ತಡಿ ಅಗಲದ, ಕಬ್ಬಿಣದ ಪೈಪು ಜೋಡಿಸಿ ನಿಲ್ಲಿಸುವ ಪ್ಲಾಸ್ಟಿಕ್ ಕೊಳ ಇದು. ಎರಡಡಿ ನೀರು ನಿಲ್ಲಿಸಿದರೆ ಸುಮಾರು 4,400 ಲೀಟರ್. ತಂದದ್ದು ಕಳೆದ ವರ್ಷವೇ, ಆದರೆ 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಈಜುಕೊಳಕ್ಕೆ, ಕಾರು ತೊಳೆಯೋಕೆ ಬಳಸಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತು, ಬೀದಿಯಲ್ಲಿ ಜನ ಟ್ಯಾಂಕರ್‌ಗೆ ಕಾಯುತ್ತಿದ್ದಾಗ ಇದನ್ನು ಬಿಚ್ಚೋಕೆ ಮನಸ್ಸೂ ಬರಲಿಲ್ಲ, ಡಬ್ಬ ಅಟ್ಟದಲ್ಲೇ ಕೂತಿತು. ಈ ಸಲ ನಮ್ಮ ಬೋರ್‌ವೆಲ್‌ನಲ್ಲಿ ನೀರಿದೆ. ಒಂದೇ ಸಲ ತುಂಬಿಸಬೇಕು, ಬೇಸಿಗೆ ಪೂರ್ತಿ ಅದೇ ನೀರು ಅಂತ ಮನೆಯಲ್ಲಿ ಒಪ್ಪಂದ. ಮಗಳು ಪುಟ್ಟಿಗೆ ಟೆರೇಸ್ ಮೇಲೆ ಬೇಕಿತ್ತು. ಎರಡಡಿ ನೀರು ಅಂದರೆ ಚದರ ಮೀಟರಿಗೆ 600 ಕಿಲೋ ಭಾರ, ನಮ್ಮ ಮನೆ ತಾರಸಿಗೆ ಅಷ್ಟು ಹೊರಿಸುವ ಧೈರ್ಯ ನನಗಿಲ್ಲ. ಹಾಗಾಗಿ ಹಿತ್ತಲು, ಹೊಂಗೆ ಮರದ ಪಕ್ಕ. ಹೊಂಗೆ ಹೂವು ಉದುರಿ ಉದುರಿ ನೀರಿಗೆ ಬೀಳುತ್ತದೆ, ಅದೊಂದು ಬೇರೆ ಗೋಳು. ಬಿದ್ದ ಹೂವೆಲ್ಲ ಕ್ಲೋರಿನ್ ತಿನ್ನುತ್ತದೆ.

ಸರಿ, ನಿನ್ನೆ ಏನಾಯಿತು ಅಂದರೆ, ವಿಡಿಯೋ ನೋಡಿದೆ. ಅಮೆರಿಕದ ಒಬ್ಬರು ತಮ್ಮ ಹಿತ್ತಲ ಕೊಳದ ಪಕ್ಕ ನಿಂತು, ಮೊದಲು ಆಲ್ಕಲಿನಿಟಿ (ಆಸಿಡ್ ಬಿದ್ದರೂ ತಡೆದುಕೊಳ್ಳುವ ನೀರಿನ ಶಕ್ತಿ) ಸರಿ ಮಾಡಿ, ಅದಕ್ಕೆ ಅಡುಗೆ ಸೋಡಾ ಸುರಿಯಿರಿ, ಆಮೇಲೆ ಕ್ಲೋರಿನ್ ಅಂತ ಹೇಳುತ್ತಿದ್ದರು. ಅವರ ನಲ್ಲಿ ನೀರಿಗೆ ಅದು ಸರಿ ಇರಬಹುದು. ನಾನು ಟೆಸ್ಟ್ ಸ್ಟ್ರಿಪ್ (ನೀರಿನ ಗುಣಕ್ಕೆ ತಕ್ಕಂತೆ ಬಣ್ಣ ತಿರುಗುವ ಪಟ್ಟಿ) ಅದ್ದದೇ ಸುಮ್ನೆ ಅರ್ಧ ಕಿಲೋ ಸೋಡಾ ಸುರಿದೆ. ಅದರ ಹಿಂದೆಯೇ ನಾಲ್ಕು ಚಮಚ ಬ್ಲೀಚಿಂಗ್ ಪೌಡರ್. ಪಂಪ್ ಹಾಕಿ ಊಟಕ್ಕೆ ಹೋದೆ.

ಇವತ್ತು ಮೊದಲು ಮಾಡಿದ್ದು ಬರೀ ಬೋರ್ ನೀರನ್ನು ಲೋಟದಲ್ಲಿ ಹಿಡಿದು ಸ್ಟ್ರಿಪ್ ಅದ್ದಿದ್ದು. ಆಲ್ಕಲಿನಿಟಿ ಬೇಕಾದದ್ದು ಲೀಟರಿಗೆ 80ರಿಂದ 120 ಮಿಲಿಗ್ರಾಂ. ನಮ್ಮ ನೀರಿಗೆ ಏನೂ ಹಾಕದೆಯೇ 240ರ ಬಣ್ಣ ಬಂತು. ಅದರ ಮೇಲೆ ನಾನು ಸೋಡಾ ಸುರಿದಿದ್ದೇನೆ! ಸಾವಿರ ಲೀಟರಿಗೆ 17 ಗ್ರಾಂ ಸೋಡಾ ಹಾಕಿದರೆ 10 ಏರುತ್ತದೆ, ನಾನು ಏರಿಸಿದ್ದು 65ಕ್ಕೂ ಮೇಲೆ. ಗಡಸುತನದ ಚೌಕವಂತೂ ಡಬ್ಬಿ ಮೇಲಿನ ಕೊನೆಯ ಬಣ್ಣಕ್ಕೆ ಹೋಗಿ ನಿಂತಿತು. ಈ ನೀರಲ್ಲಿ ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ ಅಂತ ಅಮ್ಮ ವರ್ಷಗಳಿಂದ ಹೇಳುತ್ತಿರುವುದು ಇದನ್ನೇ ಅಲ್ವಾ. ನೀರಲ್ಲಿ ಕ್ಯಾಲ್ಸಿಯಂ ಮೊದಲೇ ಜಾಸ್ತಿ. ಸೋಡಾ ಬಿತ್ತು, ಬ್ಲೀಚಿಂಗ್ ಪೌಡರ್ ಇನ್ನಷ್ಟು ಕ್ಯಾಲ್ಸಿಯಂ ತಂದಿತು, ಪಿಎಚ್, ಅಂದರೆ ನೀರಿನ ಹುಳಿ-ಕ್ಷಾರದ ಅಳತೆ, 8 ದಾಟಿತು. ಕರಗಿಕೊಂಡಿದ್ದ ಸುಣ್ಣವೆಲ್ಲ ಪುಡಿಯಾಗಿ ಹೊರಗೆ ಬಂತು. ನೀರು ಕಾಯಿಸುವ ಪಾತ್ರೆ ತಳದಲ್ಲಿ ಬೆಳ್ಳಗೆ ಕಟ್ಟುತ್ತಲ್ಲ, ಅದೇ.

ನಂಬಿಕೆ ಬರಲಿಲ್ಲ. ಪಂಪ್ ನಿಲ್ಲಿಸಿ ಫಿಲ್ಟರ್ ತೆಗೆದೆ. ಮಡಿಕೆ ಮಡಿಕೆಯಲ್ಲೂ ರಂಗೋಲಿ ಪುಡಿ ಮೆತ್ತಿದ ಹಾಗಿತ್ತು. ಬೆರಳಲ್ಲಿ ಸ್ವಲ್ಪ ಕೆರೆದು ಚಮಚಕ್ಕೆ ಹಾಕಿ ಅರ್ಧ ನಿಂಬೆಹಣ್ಣು ಹಿಂಡಿದೆ. ಸಣ್ಣಗೆ ಚುರ್ ಅಂತು, ಗುಳ್ಳೆ ಎದ್ದು ಚಮಚದ ಅಂಚಿಗೆ ಬಂತು. ಪುಟ್ಟಿ "ಅಪ್ಪಾ, ಇನ್ನೊಂದ್ಸಲ" ಅಂತ ನಿಂಬೆಹಣ್ಣು ಪೂರ್ತಿ ಮುಗಿಸಿದಳು.

ಪಕ್ಕದ ಮನೆ ಅಂಕಲ್ ಕಾಂಪೌಂಡ್ ಮೇಲಿಂದ ಇಣುಕಿ, "ಖಾಲಿ ಮಾಡಿ ಹೊಸ ನೀರು ಬಿಡ್ರಿ" ಅಂದರು. ಬಿಟ್ಟರೂ ಬರುವುದು ಅದೇ ಬೋರ್ ನೀರು. 4,400 ಲೀಟರ್ ಚರಂಡಿಗೆ ಹರಿಸಿ ಅದೇ 240ರಿಂದ ಮತ್ತೆ ಶುರು ಮಾಡಬೇಕು. ಇನ್ನೊಂದು ಸಲಹೆಯನ್ನೂ ಕೊಟ್ಟರು, ಕ್ಲೋರಿನ್ ಟ್ಯಾಬ್ಲೆಟ್ ತೇಲಿಬಿಡುವ ಡಬ್ಬಿಗೇ ಬ್ಲೀಚಿಂಗ್ ಪೌಡರ್ ತುಂಬಿ ಅಂತ. ಅದನ್ನು ಮಾತ್ರ ಯಾರೂ ಮಾಡಬೇಡಿ. ಎರಡೂ ಕ್ಲೋರಿನ್ನೇ, ಆದರೆ ಒಂದಕ್ಕೊಂದು ಸೇರಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು. ಚಮಚವೂ ಬೇರೆ ಬೇರೆ ಇರಬೇಕು.

ನಮ್ಮ ನೀರಿಗೆ ಬೇಕಿದ್ದದ್ದು ಸೋಡಾ ಅಲ್ಲ, ಆಸಿಡ್. ಹಾರ್ಡ್‌ವೇರ್ ಅಂಗಡಿಯಿಂದ ಹೈಡ್ರೋಕ್ಲೋರಿಕ್ ಆಸಿಡ್ ತಂದೆ. ಅಂಗಡಿಯವರು "ಬಾತ್ರೂಮಿಗಾ?" ಅಂದರು, ಹೂಂ ಅಂದೆ, ಕೊಳದ ಕಥೆ ಯಾರು ಹೇಳುತ್ತಾರೆ. ಪುಟ್ಟಿಯನ್ನು ಒಳಗೆ ಕಳಿಸಿ, ಕೈಗೆ ಗ್ಲೌಸ್, ಕಣ್ಣಿಗೆ ಬೈಕ್ ಹೆಲ್ಮೆಟ್ಟಿನ ಗಾಜು. ಮೊದಲು ಬಕೆಟ್‌ಗೆ ನೀರು, ಆಮೇಲೆ ಅದಕ್ಕೆ 200 ಮಿಲಿ ಆಸಿಡ್. ಉಲ್ಟಾ ಮಾಡಬಾರದು, ಎಗರುತ್ತದೆ. ಪಂಪ್ ಓಡುತ್ತಿರುವಾಗ ಕೊಳದ ಸುತ್ತ ನಿಧಾನವಾಗಿ ಸುರಿದೆ. ಆಸಿಡ್ ಹಾಕಿದ ಹೊತ್ತಲ್ಲಿ ಕ್ಲೋರಿನ್ ಮುಟ್ಟಲೇ ಇಲ್ಲ, ಎರಡೂ ಒಟ್ಟಿಗೆ ಸಿಕ್ಕರೆ ವಿಷದ ಗಾಳಿ ಏಳುತ್ತದೆ.

ಪಿಎಚ್ ಬಗ್ಗೆ ನಾನು ಮೊದಲು ತಲೆ ಕೆಡಿಸಿಕೊಂಡಿರಲಿಲ್ಲ, ಕ್ಲೋರಿನ್ ಹಾಕಿದರೆ ಆಯಿತು ಅಂತ ಇದ್ದೆ. ಆದರೆ ಪಿಎಚ್ 7.5ರಲ್ಲಿ ಕ್ಲೋರಿನ್‌ನ ಹೆಚ್ಚುಕಡಿಮೆ ಅರ್ಧ ಭಾಗ ಚುರುಕಾಗಿ ಕ್ರಿಮಿ ಕೊಲ್ಲುವ ರೂಪದಲ್ಲಿರುತ್ತದೆ, 8 ದಾಟಿದರೆ ಅದು ಕಾಲು ಭಾಗಕ್ಕಿಂತ ಕೆಳಗೆ ಇಳಿಯುತ್ತದೆ. ಅಂದರೆ ಹೋದ ವಾರವೆಲ್ಲ ನಾನು ಹಾಕಿದ ಪೌಡರ್ ಬಹುಪಾಲು ದಂಡ. ಇನ್ನು ಮೇಲೆ ಬ್ಲೀಚಿಂಗ್ ಪೌಡರ್ ಬೇಡ, ಕ್ಯಾಲ್ಸಿಯಂ ತರದ ಲಿಕ್ವಿಡ್ ಕ್ಲೋರಿನ್. ಅದನ್ನೂ ಸಂಜೆಯೇ ಹಾಕಬೇಕು, ಬಿಸಿಲಿಗೆ ಕ್ಲೋರಿನ್ ಗಂಟೆಗಳಲ್ಲಿ ಹಾರಿಹೋಗುತ್ತದೆ.

ಸಂಜೆ ಐದಕ್ಕೆ ಪಿಎಚ್ 7.4. ಆಲ್ಕಲಿನಿಟಿ ಇನ್ನೂ ಕೊನೆಯ ಬಣ್ಣದಲ್ಲೇ. ಅದು ಒಂದೇ ದಿನಕ್ಕೆ ಇಳಿಯಲ್ಲ, ಇಳಿಸಲೂಬಾರದು, ಪಿಎಚ್ ಪಾತಾಳಕ್ಕೆ ಹೋಗುತ್ತದೆ. ಸ್ವಲ್ಪ ಆಸಿಡ್, ಆಮೇಲೆ ಪಂಪಿನ ನೀರು ಮೇಲಿಂದ ಧುಮುಕುವ ಹಾಗೆ ಬಿಟ್ಟು ಗಾಳಿ ಆಡಿಸಿದರೆ ಪಿಎಚ್ ತಾನೇ ಏರುತ್ತದೆ, ಮತ್ತೆ ಸ್ವಲ್ಪ ಆಸಿಡ್. ಹೀಗೆ ಒಂದು ವಾರ ಹಿಡಿಯಬಹುದು. ಪೈಪ್ ತುದಿಯನ್ನು ಒಂದು ಇಟ್ಟಿಗೆ ಮೇಲೆತ್ತಿ ಕಟ್ಟಿದ್ದೇನೆ. ಆಗಿನಿಂದ ಸೊರ ಸೊರ ಸದ್ದು, ಬೇಗ ಮಲಗಿದ ಅಮ್ಮನಿಗೆ ಮಳೆ ಬಂತೇನೋ ಅಂತ ಆಗಲೇ ಎರಡು ಸಲ ಎಚ್ಚರವಾಯಿತಂತೆ.

ನಿನ್ನೆ ಪುಟ್ಟಿಯ ಸ್ಟೀಲ್ ಚೊಂಬು ನೀರಲ್ಲಿ ಮುಳುಗಿ ಸಿಕ್ಕಿರಲಿಲ್ಲ. ಈಗ ರಾತ್ರಿ ಹನ್ನೊಂದು ಗಂಟೆಗೆ ಟಾರ್ಚ್ ಬಿಟ್ಟು ನೋಡಿದೆ. ತಳದಲ್ಲಿ ಏನೋ ದುಂಡಗೆ ಮಸುಕಾಗಿ ಹೊಳೆಯಿತು. ಚೊಂಬೇ ಇರಬೇಕು. ಬೆಳಿಗ್ಗೆ ಫಿಲ್ಟರ್ ಇನ್ನೊಮ್ಮೆ ತೊಳೆಯಬೇಕು, ನಿಂಬೆಹಣ್ಣೂ ತರಬೇಕು, ಮನೆಯಲ್ಲಿ ಒಂದೂ ಉಳಿದಿಲ್ಲ.