ಅಡಿಕೆ ತೋಟದ ಹಿಂದಿನ ಪಾದೆಯಲ್ಲಿ ಅಕ್ಕನ ಮೊದಲ ಕ್ಲೈಂಬ್

ಮಂಗಳೂರಿಂದ ಕತ್ತಲಿರುವಾಗ್ಲೇ ಹೊರಟದ್ದು, ಯಾಕಂದ್ರೆ ಬಿಸಿಲು ಏರಿದ ಮೇಲೆ ಪಾದೆ, ಅಂದ್ರೆ ಬಂಡೆ, ಕಾದು ಶೂವಿನ ಹಿಡಿತ ಕಮ್ಮಿ ಆಗ್ತದೆ, ಕೈಯೂ ಬೆವರ್ತದೆ. ಬಿ.ಸಿ.ರೋಡ್, ಪುಂಜಾಲಕಟ್ಟೆ, ಮಡಂತ್ಯಾರು ದಾಟಿ ಗುರುವಾಯನಕೆರೆಯಲ್ಲಿ ಬನ್ಸ್, ಚಾ. ಬೆಳ್ತಂಗಡಿ ಹತ್ರ ಬರುವಾಗ ಗಡಾಯಿಕಲ್ಲು ಕಂಡಿತು, 1794ರಲ್ಲಿ ಟಿಪ್ಪು ಜಮಾಲಾಬಾದ್ ಕೋಟೆ ಕಟ್ಟಿಸಿದ್ದು ಅದೇ ಬಂಡೆ ಮೇಲೆ, ಎಷ್ಟು ಸಲ ನೋಡಿದ್ರೂ ಕಣ್ಣು ತೆಗೀಲಿಕ್ಕೆ ಮನಸ್ಸಾಗುದಿಲ್ಲ. ಆದ್ರೆ ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು, ಅಲ್ಲಿ ನಮ್ಮ ಹಗ್ಗದ ಕೆಲಸ ಇಲ್ಲ. ನಾವು ಹೋದದ್ದು ಇನ್ನೂ ಒಳಗೆ, ಘಟ್ಟದ ಬುಡದಲ್ಲಿ ಒಬ್ಬರ ತೋಟದ ಹಿಂದಿರುವ ಪಾದೆಗೆ. ಊರಿನ ಹೆಸರು ಹಾಕುದಿಲ್ಲ, ಅವರು ಒಪ್ಪಿದ್ದು ನಮ್ಮ ಮೇಲಿನ ವಿಶ್ವಾಸದಲ್ಲಿ.

ತೋಟದ ಅಜ್ಜ ಬೆಲ್ಲ ನೀರು ಕೊಟ್ಟು "ಕೋತಿರಾಜನ ಹಾಗೆಯಾ?" ಕೇಳಿದ್ರು. ಅಲ್ಲ ಅಜ್ಜ, ಅವರು ಚಿತ್ರದುರ್ಗದ ಕೋಟೆ ಗೋಡೆಯನ್ನೇ ಬರಿಗೈಲಿ ಹತ್ತುವವರು, ನಮಗೆ ಮೇಲಿಂದ ಹಗ್ಗ ಇರ್ತದೆ ಅಂದೆ. "ಹಾಗಾದ್ರೆ ಅಡ್ಡಿಲ್ಲ, ಹೆಜ್ಜೇನು ಮಾತ್ರ ನೋಡಿಕೊಳ್ಳಿ." ದೊಡ್ಡ ಮಾತು ಅದು. ಚಾಚಿದ ಬಂಡೆಯಡಿ ಹೆಜ್ಜೇನು ಕಟ್ತದೆ, ಸುತ್ತ ಸರಿಯಾಗಿ ನೋಡದೆ ನಾವು ಬ್ಯಾಗೇ ಬಿಚ್ಚುದಿಲ್ಲ.

ಮೇಲೆ ಹೋಗ್ಲಿಕ್ಕೆ ಹಿಂದಿಂದ ಕಾಡುದಾರಿ ಉಂಟು. ಎರಡು ದಪ್ಪ ಮರಕ್ಕೆ ಬೇರೆ ಬೇರೆ ಸ್ಲಿಂಗ್ (ಗಟ್ಟಿ ಪಟ್ಟಿಯ ಕುಣಿಕೆ), ಅವೆರಡರ ನಡುವಿನ ಕೋನ 60 ಡಿಗ್ರಿ ಒಳಗೆ, ಅದು 120 ಆಯ್ತು ಅಂದ್ರೆ ಒಂದೊಂದು ಮರದ ಮೇಲೂ ಪೂರ್ತಿ ಭಾರ ಬೀಳ್ತದೆ. ಮತ್ತೆ ಹಗ್ಗ ಹಾಯಿಸ್ಲಿಕ್ಕೆ ಎರಡು ಲಾಕಿಂಗ್ ಕ್ಯಾರಾಬಿನರ್ (ತಾನಾಗಿ ತೆರೆಯದ ಲೋಹದ ಕೊಕ್ಕೆ) ಎದುರುಬದುರು, ಇಷ್ಟೂ ಸೇರಿ ಆ್ಯಂಕರ್, ಅಂಚಲ್ಲಿ ಉಜ್ಜದ ಹಾಗೆ ಹಳೆ ಗೋಣಿ. 60 ಮೀಟರ್ ಹಗ್ಗ ಮೇಲೆ ಹೋಗಿ ವಾಪಸ್ ಬರ್ಬೇಕಲ್ಲ, ಹಾಗಾಗಿ ಪಾದೆ 30 ಮೀಟರಿಗಿಂತ ಗಿಡ್ಡ ಇರ್ಲೇಬೇಕು, ಇದು ಆರಾಮ ಸಾಕಾಗ್ತದೆ.

ಅಕ್ಕನಿಗೆ ನಲವತ್ತು ದಾಟಿದೆ, ಬಂಡೆ ಹತ್ತಿದ್ದೇ ಇಲ್ಲ. ಸೊಂಟಕ್ಕೆ ಕಟ್ಟುವ ಹಾರ್ನೆಸಿನ ಬಕಲ್, ಅದಕ್ಕೆ ಹಗ್ಗ ಕಟ್ಟಿದ ಎಂಟರ ಗಂಟು, ಕೆಳಗಿಂದ ನಾನು ಹಗ್ಗ ತಡೆದು ಹಿಡಿಯುವ ಬಿಲೇ ಡಿವೈಸ್, ಎಲ್ಲ ಇಬ್ಬರೂ ಮುಟ್ಟಿ ನೋಡಿದೆವು. ಶುರುವಲ್ಲಿ ಹಗ್ಗ ಬಿಗಿಯಾಗಿಯೇ ಹಿಡಿದೆ, ಡೈನಾಮಿಕ್ ಹಗ್ಗ (ಭಾರ ಬಿದ್ರೆ ಹಿಗ್ಗುವಂಥದ್ದು) ಉದ್ದ ಇದ್ದಷ್ಟೂ ಜಾಸ್ತಿ ಹಿಗ್ತದೆ, ನೆಲದ ಹತ್ರ ಜಾರಿದ್ರೆ ಕಾಲು ನೆಲಕ್ಕೇ ತಾಗುವ ಸಾಧ್ಯತೆ ಉಂಟು. ಎಲ್ಲರ ಹಾಗೆ ಅವಳೂ ಬಂಡೆಗೆ ಮೈ ಒತ್ತಿ, ಕೈಗೆ ಹಿಡಿಲಿಕ್ಕೆ ಎಂತದಾದ್ರೂ ಸಿಗ್ತದಾ ಅಂತ ಹುಡುಕ್ತಾ ನಿಂತ್ಲು. ಇಂಥ ಇಳಿಜಾರು ಸ್ಲ್ಯಾಬಲ್ಲಿ ಹಿಡಿಲಿಕ್ಕೆ ಎಂತದೂ ಇಲ್ಲ, ಎಲ್ಲ ಕಾಲಿನದ್ದೇ ಕೆಲಸ. ಮೈ ಒತ್ತಿದ್ರೆ ಪಾದದ ಮೇಲಿನ ಭಾರ ಹೋಗಿ ಕಾಲು ಜಾರ್ತದೆ, ಸೊಂಟ ಹೊರಗೆ ಹಾಕಿ ಹಿಮ್ಮಡಿ ಕೆಳಗೆ ಬಿಟ್ಟು ನಿಂತ್ರೆ ರಬ್ಬರ್ ಅಂಟಿಕೊಳ್ತದೆ.

ಜಾರಿದ್ಲು. ಹಗ್ಗ ಹಿಡೀತು, ಒಂದು ಗೇಣೂ ಇಳೀಲಿಲ್ಲ. ಅಲ್ಲಿಂದ ಅವಳ ಕಾಲೇ ಬೇರೆ ಮಾರ್ರೆ, ಸಣ್ಣ ಸಣ್ಣ ಹೆಜ್ಜೆ, ಕೈ ಬರೀ ಬ್ಯಾಲೆನ್ಸಿಗೆ, ಮೇಲೆ ನೋಡುದು ಬಿಟ್ಟು ಪಾದ ನೋಡ್ಲಿಕ್ಕೆ ಶುರು ಮಾಡಿದ್ಲು, ನಾನು ಎಂತದೂ ಹೇಳಿಕೊಡ್ಲಿಲ್ಲ. ಸುಲಭದ ಕ್ಲೈಂಬ್ ಅಂತ ಇದನ್ನು ಬದಿಗೆ ಹಾಕುವವರಿದ್ದಾರೆ, ನನಗೆ ಅದು ಒಪ್ಪಿಗೆ ಇಲ್ಲ, ಬೀಳುವ ಹೆದರಿಕೆ ಹೋದ ಮೇಲಲ್ವಾ ಕಾಲಿಗೆ ಕಲೀಲಿಕ್ಕೆ ಆಗುದು! ಆ್ಯಂಕರ್ ಮುಟ್ಟಿ "ಟೇಕ್", ಅಂದ್ರೆ ಹಗ್ಗ ಬಿಗಿ ಮಾಡು, ಅಂತ ಕೂಗಿದ್ಲು, ನಿಧಾನಕ್ಕೆ ಇಳಿಸಿದೆ, ಶೂ ಬಿಚ್ಚುವ ಮೊದ್ಲೇ ಇನ್ನೊಂದು ಸರ್ತಿ ಅಂದ್ಲು.

ಬಿಸಿಲು ಪಾದೆಗೆ ಬಿದ್ದ ಕೂಡ್ಲೆ ಹಗ್ಗ ಸುತ್ತಿದೆವು. ಇನ್ನು ಯಾವಾಗ ಬರ್ಬಹುದು ಅಂತ ಅಕ್ಕನೇ ಅಜ್ಜನ ಹತ್ರ ಕೇಳಿದ್ಲು. "ಶಿವರಾತ್ರಿ ಒಳಗೆ ಬನ್ನಿ, ಮತ್ತೆ ಕಲ್ಲು ಕಾಯ್ತದೆ, ಮಳೆ ಬಂದ್ರೆ ಪಾಚಿ."