ಬುರುಡೆಯ ಎರಡು ತೂತು

ನಿನ್ನೆ ರಾತ್ರಿ ಮಗಳ ಜಾಮಿಟ್ರಿ ಬಾಕ್ಸಿನಿಂದ ಸ್ಕೇಲ್ ತೆಗೆದು 33 ಮಿಲಿಮೀಟರ್ ಅಳೆದೆ. ನನ್ನ ಎರಡು ಬೆರಳಿನ ಅಗಲ, ಅಷ್ಟೇ.

ದಕ್ಷಿಣ ಆಫ್ರಿಕಾದ ಸ್ವಾರ್ಟ್‌ಕ್ರಾನ್ಸ್ ಗುಹೆಯಲ್ಲಿ ಸಿಕ್ಕ ಎಸ್‌ಕೆ 54 ಎಂಬ ಬುರುಡೆಚೂರಿನಲ್ಲಿ ಎರಡು ತೂತುಗಳಿವೆ. ನಡುವೆ ಸುಮಾರು ಇಷ್ಟೇ ಅಂತರ. ಅದು ಪರಾಂತ್ರೋಪಸ್ ಮಗುವಿನದು, ಅಂದರೆ ಅಳಿದುಹೋದ ನಮ್ಮ ದೂರದ ದಾಯಾದಿಯೊಂದರದು. (ಮರಿ ಅನ್ನಬೇಕೇನೋ, ನನಗೆ ಬಾಯಿ ಬರಲ್ಲ.) ಯಾರೋ ಆಯುಧದಿಂದ ಚುಚ್ಚಿದ್ದು ಅಂದವರೂ ಇದ್ದರು. ಪಳೆಯುಳಿಕೆ ವಿಜ್ಞಾನಿ ಬಾಬ್ ಬ್ರೈನ್ ಅದೇ ಗುಹೆಯ ಚಿರತೆ ದವಡೆ ತಂದು, ಕೆಳಗಿನ ಕೋರೆಹಲ್ಲುಗಳನ್ನು ತೂತಿಗೆ ಇಟ್ಟು ನೋಡಿದರು. ಕರೆಕ್ಟಾಗಿ ಕೂತವು! ಚಿರತೆ ತಲೆ ಕಚ್ಚಿ ಗುಹೆಬಾಯಿಯ ಮರಕ್ಕೆ ಎಳೆದೊಯ್ದಿರಬೇಕು, ತಿಂದುಳಿದ ಮೂಳೆ ಒಳಗೆ ಉದುರಿರಬೇಕು ಅಂತ ಅವರ ಊಹೆ.

ನಾವು ಬೇಟೆಗಾರರ ವಂಶ ಅಂತ ಜಂಬ ಬೇರೆ, ಅಲ್ವಾ?

ಸ್ಕೇಲ್ ವಾಪಸ್ ಇಡುವಾಗ, ಮಲಗಿದ್ದ ಮಗಳ ನೆತ್ತಿಯನ್ನು ಸುಮ್ನೆ ಮುಟ್ಟಿ ನೋಡಿದೆ.