ಹತ್ತು ಕೆ.ಜಿ. ಅಕ್ಕಿ

ಕಳೆದ ಜೂನ್ 13ರ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಮ್ಮ ಚೀಲಕ್ಕೆ ಅಕ್ಕಿ ಅಳೆದು ಹಾಕುತ್ತಿದ್ದರು. ಹತ್ತು ಕೆ.ಜಿ. ಡೋರನಹಳ್ಳಿ ಸಂತ ಅಂತೋಣಿಯವರ ಹಬ್ಬದ ಊಟಕ್ಕೆ. ನನ್ನ ತಮ್ಮ ವಾಸಿಯಾದರೆ ಕೊಡುತ್ತೇನೆ ಅಂತ ಹರಕೆ ಹೊತ್ತಿದ್ದರು. ತಮ್ಮ ವಾಸಿಯಾಗಲಿಲ್ಲ. ಮಾರ್ಚ್‌ನಲ್ಲಿ ಹೋಗಿಬಿಟ್ಟ. ಅವನಿಗೆ 34 ವರ್ಷ.

"ಅವನೇ ಇಲ್ಲ, ಇನ್ಯಾವ ಹರಕೆ ಅಮ್ಮ?" ಅಂದೆ.

"ಕೊಡ್ತೀನಿ ಅಂದೋಳು ನಾನು. ನಾನಿನ್ನೂ ಇದ್ದೀನಲ್ಲ" ಅಂದರು ಅಮ್ಮ. ಚೀಲದ ಬಾಯಿ ಕಟ್ಟಿದರು.

ಎರಡು ವರ್ಷ ಅವನಿಗೆ ಡಯಾಲಿಸಿಸ್ ನಡೆಯಿತು. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ಗಂಟೆ. ಆಸ್ಪತ್ರೆಯ ಕಿಟಕಿಯಿಂದ ಮೈಸೂರಿನ ಫಿಲೋಮಿನಾ ಚರ್ಚಿನ ಎರಡು ಗೋಪುರ ಕಾಣುತ್ತಿದ್ದವು. 175 ಅಡಿ ಎತ್ತರ ಅಲ್ವಾ, ಅಷ್ಟು ದೂರಕ್ಕೂ ಕಾಣುತ್ತವೆ. ನಾನು ಅವುಗಳನ್ನೇ ನೋಡುತ್ತಾ ಜಪಸರ ಹಿಡಿದು ಕೂತಿರುತ್ತಿದ್ದೆ. ಸೂಜಿಗಿಂತ ಅವನನ್ನು ಜಾಸ್ತಿ ಕಾಡಿದ್ದು ಬಾಯಾರಿಕೆ. ಕಿಡ್ನಿ ಕೆಲಸ ಮಾಡದಿದ್ದರೆ ಕುಡಿದ ನೀರು ಮೈಯಲ್ಲೇ ನಿಂತುಬಿಡುತ್ತದೆ. ಅದಕ್ಕೇ ದಿನಕ್ಕೆ ಇಷ್ಟೇ ಅಂತ ಅಳತೆ. ಬೇಸಿಗೆಯಲ್ಲಿ ಸಣ್ಣ ಐಸ್ ತುಂಡು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂರುತ್ತಿದ್ದ. ಅವನೆದುರಿಗೆ ನೀರು ಕುಡಿಯಲು ನಮಗೆ ಮನಸ್ಸಾಗುತ್ತಿರಲಿಲ್ಲ. ಅಡುಗೆಮನೆಗೆ ಹೋಗಿ ಕುಡಿಯುತ್ತಿದ್ದೆವು.

ಒಂದು ಶುಭ ಶುಕ್ರವಾರ ಚರ್ಚಿನಲ್ಲಿ ಯೇಸುವಿನ ಯಾತನೆಯ ಕಥೆ ಓದುತ್ತಿದ್ದರು. ಶಿಲುಬೆಯ ಮೇಲೆ ಸ್ವಾಮಿ ನನಗೆ ಬಾಯಾರಿಕೆ ಅನ್ನುವ ಜಾಗ ಬಂತು. ತಮ್ಮ ನನ್ನ ಕೈ ಹಿಡಿದುಕೊಂಡ. "ಅಕ್ಕ, ಇದು ನನಗೆ ಗೊತ್ತಿರೋ ಮಾತು" ಅಂದ. ಅಷ್ಟೇ ಅಂದಿದ್ದು. ಅವನಿಗೆ ಆ ಮಾತು ಸಾಕಾಯಿತು. ಕೊನೆಯವರೆಗೂ ದೇವರ ಮೇಲೆ ಮುನಿಸಿಕೊಳ್ಳಲಿಲ್ಲ. ಮುನಿಸಿಕೊಂಡವಳು ನಾನು.

ಮಣ್ಣು ಮಾಡಿ ಬಂದ ಮೇಲೆ ಮನೆಗೆ ಬಂದವರೆಲ್ಲ ದೇವರ ಚಿತ್ತ ಅಂದರು. ದೇವರಿಗೆ ಒಳ್ಳೆಯವರೇ ಬೇಕು ಅಂತ ಒಬ್ಬರು ಅಂದರು. ಪ್ರೀತಿಯಿಂದಲೇ ಅಂದಿದ್ದು, ಆದರೂ ಹೊಟ್ಟೆ ಉರಿಯಿತು. ಬೈಬಲ್‌ನಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬ ಅಂತ ಒಬ್ಬನಿದ್ದಾನೆ. ಅವನ ಗೆಳೆಯರು ಮೊದಲು ಏಳು ದಿನ ಒಂದು ಮಾತೂ ಆಡದೆ ಅವನ ಜೊತೆ ನೆಲದ ಮೇಲೆ ಕೂತಿದ್ದರಂತೆ. ಅವರು ಯೋಬನಿಗೆ ಮಾಡಿದ ಉಪಕಾರ ಅಂದರೆ ಅದೊಂದೇ. ಬಾಯಿ ತೆರೆದ ಮೇಲೆ ಅವನನ್ನು ನೋಯಿಸಿದರು. ಆವತ್ತಿನಿಂದ ನಾನು ಜಪಸರ ಮುಟ್ಟಲಿಲ್ಲ.

ಡೋರನಹಳ್ಳಿ ಮೈಸೂರಿನಿಂದ ಸುಮಾರು 40 ಕಿ.ಮೀ., ಕೆ.ಆರ್. ನಗರದ ಕಡೆ. ಹೊಲ ಉಳುವಾಗ ಒಬ್ಬ ರೈತನಿಗೆ ಮರದ ಪ್ರತಿಮೆ ಸಿಕ್ಕಿತಂತೆ, ಯಾರದೆಂದು ತಿಳಿಯದೆ ಮಕ್ಕಳಿಗೆ ಆಡಲು ಕೊಟ್ಟನಂತೆ. ಅಲ್ಲಿನ ಕಥೆ ಅದು. 2019ರಲ್ಲಿ ಬಸಿಲಿಕಾ ಆಯಿತು, ಅಂದರೆ ಪೋಪ್ ವಿಶೇಷ ಗೌರವ ಕೊಟ್ಟ ಚರ್ಚು. ಆದರೂ ಸುತ್ತಲಿನ ಹಳ್ಳಿಯವರಿಗೆ ಅದು ಅವರ ಹೊಲದಲ್ಲಿ ಸಿಕ್ಕ ಸಂತನ ಗುಡಿಯೇ. ಕ್ರೈಸ್ತರಲ್ಲದವರೂ ತುಂಬಾ ಜನ ಬರುತ್ತಾರೆ.

ಸಾಲಿನಲ್ಲಿ ನಮ್ಮ ಮುಂದೆ ಹಣೆ ತುಂಬಾ ಕುಂಕುಮ ಇಟ್ಟುಕೊಂಡ ಅಜ್ಜಿಯೊಬ್ಬರು ನಿಂತಿದ್ದರು. ಚೀಲ ನೋಡಿ, "ಯಾರಿಗವ್ವಾ ಹರಕೆ?" ಅಂದರು.

"ನನ್ನ ಮಗನಿಗೆ" ಅಂದರು ಅಮ್ಮ.

"ವಾಸಿ ಆಯ್ತಾ?"

"ಇಲ್ಲ ಕಣವ್ವ. ಹೋಗ್ಬಿಟ್ಟ."

ಅಜ್ಜಿ ಏನೂ ಅನ್ನಲಿಲ್ಲ. ಅಮ್ಮನ ಮುಖವನ್ನೇ ನೋಡಿದರು. ಆಮೇಲೆ ಬಗ್ಗಿ ಚೀಲದ ಒಂದು ಕಿವಿ ಹಿಡಿದರು. ಸಾಲು ಮುಂದೆ ಹೋದಾಗೆಲ್ಲ ಇಬ್ಬರೂ ಸೇರಿ ಅದನ್ನು ಎತ್ತಿ ಮುಂದಕ್ಕಿಡುತ್ತಿದ್ದರು. ನಾನು ತಗೋತೀನಿ ಅಂದರೆ ಇಬ್ಬರೂ ಬಿಡಲಿಲ್ಲ.

ಬಿಸಿಲಲ್ಲಿ ನಿಂತಾಗ ಒಂದು ವಿಷಯ ನೆನಪಾಯಿತು. ಜೂನ್ 13 ಅಂತೋಣಿಯವರು ಹುಟ್ಟಿದ ದಿನವಲ್ಲ, 1231ರಲ್ಲಿ ಅವರು ತೀರಿಕೊಂಡ ದಿನ. ಆಗ ಅವರಿಗೂ 35, 36ರ ವಯಸ್ಸು. ಅವರ ತಾಯಿ ಎಷ್ಟು ಅತ್ತಿರಬಹುದು ಅಂತ ಅನ್ನಿಸಿತು.

ಒಳಗೆ ಪ್ರತಿಮೆಯ ಮುಂದೆ ಬಂದಾಗ ನನಗೆ ಪ್ರಾರ್ಥನೆ ಬರಲಿಲ್ಲ. ಬಾಯಿಗೆ ಬಂದಿದ್ದು ಬೈಬಲ್‌ನ ಮಾರ್ತಳ ಮಾತು. ಅವಳ ಸೋದರ ಲಾಜರ ಸತ್ತು ನಾಲ್ಕು ದಿನವಾದ ಮೇಲೆ ಯೇಸು ಬಂದಾಗ, ನೀವು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ ಅಂತ ಅಂದುಬಿಡುತ್ತಾಳೆ. ಆಮೇಲೆ ಬಂದ ಅವಳ ಸೋದರಿ ಮರಿಯಳೂ ಅದನ್ನೇ ಅನ್ನುತ್ತಾಳೆ. ಯೇಸು ಇಬ್ಬರನ್ನೂ ಗದರಿಸುವುದಿಲ್ಲ. ಅವರ ಜೊತೆ ಅಳುತ್ತಾರೆ. ತಮ್ಮನನ್ನು ಮಣ್ಣು ಮಾಡುವ ದಿನ ಗುರುಗಳು ಓದಿದ್ದೂ ಇದೇ ಭಾಗ. ಆವತ್ತು ನನ್ನ ಕಿವಿಗೆ ಬಿದ್ದಿರಲಿಲ್ಲ.

ನಾನೂ ಅಂದೆ. ಎರಡು ವರ್ಷ ಕರೆದೆವಲ್ಲ, ಎಲ್ಲಿದ್ದೆ ಅಂದೆ. ಇನ್ನೂ ಏನೇನೋ ಅಂದೆ. ಮಾರ್ಚ್‌ನಿಂದ ಆ ಕಡೆಗೆ ಒಂದು ಮಾತೂ ಆಡದೆ ಇದ್ದವಳು, ಹಿಂದಿನವರು ಮುಂದೆ ಹೋಗಿ ಅನ್ನುವವರೆಗೂ ನಿಂತಿದ್ದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮ ಖಾಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಮಡಚುತ್ತಿದ್ದರು. "ಅಷ್ಟು ಹೊತ್ತು ಏನು ಕೇಳ್ಕೊಂಡೆ?" ಅಂದರು.

"ಏನೂ ಕೇಳ್ಕೊಳ್ಳಲಿಲ್ಲ ಅಮ್ಮ. ಜಗಳ ಆಡಿದೆ."

ಅಮ್ಮ ಮಡಚಿದ ಚೀಲವನ್ನು ಮತ್ತೆ ಬಿಡಿಸಿದರು. ಮೂಲೆಯಲ್ಲಿ ಉಳಿದಿದ್ದ ನಾಲ್ಕು ಅಕ್ಕಿಕಾಳನ್ನು ಬೆರಳಿನಿಂದ ತೆಗೆದು ಸೆರಗಿನ ತುದಿಗೆ ಹಾಕಿಕೊಂಡರು.

"ನಾನೂ ಎರಡು ಮಾತು ಅಂದೆ ಕಣೆ" ಅಂದರು.